ಪ್ರೆಸ್ಸಿನ ಡಿಟಿಪಿ ಕಂಪ್ಯೂಟರಿಗೆ ವಿಂಡೋಸ್ 11 ಹಾಕುವ ಮುಂಚೆ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ಮುಗಿಯಿತು. ಆದರೂ ಉಡುಪಿ, ಮಂಗಳೂರಿನ ಪ್ರೆಸ್ಸುಗಳಲ್ಲಿ "ಸದ್ಯಕ್ಕೆ ಮುಟ್ಟುವುದು ಬೇಡ" ಎನ್ನುವವರು ಕಂಪ್ಯೂಟರ್ ಚೆನ್ನಾಗಿ ಬಲ್ಲವರೇ. ಅವರ ಹೆದರಿಕೆಗೆ ಕಾರಣವಿದೆ. ವಿಂಡೋಸ್ ಬದಲಿಸಲು ಒಂದೆರಡು ಗಂಟೆ ಸಾಕು. ಅದನ್ನು ನಂಬಿಕೊಂಡಿರುವ ಪೇಜ್‌ಮೇಕರ್ (ಪುಟ ಜೋಡಿಸುವ ತಂತ್ರಾಂಶ), ಡಾಂಗಲ್ (ತಂತ್ರಾಂಶ ತೆರೆಯಲು ಕಂಪ್ಯೂಟರಿಗೆ ಚುಚ್ಚುವ ಬೀಗದ ಕೈಯಂಥ ಸಾಧನ), ಫಾಂಟು, ಪ್ರಿಂಟರುಗಳಲ್ಲಿ ಯಾವುದು ಕೈಕೊಡುತ್ತದೆ ಎಂದು ಮೊದಲೇ ಹೇಳಲಾಗದು.

ವಿಂಡೋಸ್ 11ಕ್ಕೆ 32 ಬಿಟ್ ಆವೃತ್ತಿ ಇಲ್ಲ. 32 ಬಿಟ್ ತಂತ್ರಾಂಶ ಓಡುತ್ತದೆ, ಆದರೆ 32 ಬಿಟ್ ಡ್ರೈವರ್ (ಸಾಧನವನ್ನು ವಿಂಡೋಸಿಗೆ ಜೋಡಿಸುವ ತಂತ್ರಾಂಶ) ಓಡುವುದಿಲ್ಲ, 16 ಬಿಟ್ ಇನ್‌ಸ್ಟಾಲರ್ ತೆರೆಯುವುದೇ ಇಲ್ಲ. ಕನ್ನಡ ತಂತ್ರಾಂಶದ ಹಳೆಯ ಡಾಂಗಲ್ ಮೊದಲು ಸಿಕ್ಕಿಬೀಳುವುದು ಇಲ್ಲೇ. 64 ಬಿಟ್ ಡ್ರೈವರ್ ಇದ್ದರೂ ಕೋರ್ ಐಸೊಲೇಷನ್‌ನ ಮೆಮೊರಿ ಇಂಟೆಗ್ರಿಟಿ ಎಂಬ ವಿಂಡೋಸಿನ ಭದ್ರತಾ ವ್ಯವಸ್ಥೆ ಕೆಲವನ್ನು ತಡೆಯುತ್ತದೆ. ಅದನ್ನು ಆಫ್ ಮಾಡುವುದಕ್ಕಿಂತ ಡಾಂಗಲ್ ಕಂಪನಿಯ ಹೊಸ ಡ್ರೈವರ್ ಹುಡುಕುವುದೇ ಮೇಲು.

ಫಾಂಟಿನ ತೊಂದರೆ ತಕ್ಷಣ ಕಾಣುವುದಿಲ್ಲ. ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ, 'ನುಡಿ' ಎಂಬ ಕನ್ನಡ ತಂತ್ರಾಂಶದ ಹಳೆಯ ಕಡತದಲ್ಲಿ ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಅದೇ ಫಾಂಟ್ ಇಲ್ಲದಿದ್ದರೆ ಇಡೀ ಆಮಂತ್ರಣ ಪತ್ರಿಕೆ ಅರ್ಥವಿಲ್ಲದ ಗುರುತುಗಳಾಗುತ್ತದೆ. ಅದಾದರೂ ಕಣ್ಣಿಗೆ ಬೀಳುತ್ತದೆ. ಫಾಂಟಿನ ಬೇರೆ ಆವೃತ್ತಿ ಸೇರಿಕೊಂಡರೆ ಒತ್ತಕ್ಷರ ಮಾತ್ರ ಕದಲುತ್ತದೆ. ಪ್ರಿಂಟರ್ ಡ್ರೈವರ್ ಬದಲಾದರೂ ಪೇಜ್‌ಮೇಕರಿನಲ್ಲಿ ಸಾಲು ಒಡೆಯುವ ಜಾಗ ಬದಲಾಗಬಹುದು. ಅದಕ್ಕೆ ನಾನು ಮಾಡುವುದು ಇಷ್ಟು: ಹಳೆಯ ವ್ಯವಸ್ಥೆಯಲ್ಲೇ ಒಂದು ದೇವಸ್ಥಾನದ ಬ್ರಹ್ಮಕಲಶದ ಆಮಂತ್ರಣ, ಒಂದು ಬಿಲ್ ಪುಸ್ತಕದ ಪುಟ ಪ್ರಿಂಟ್ ತೆಗೆದಿಡುತ್ತೇನೆ. ಹೊಸದರಲ್ಲಿ ಅದೇ ಕಡತ ಪ್ರಿಂಟ್ ಮಾಡಿ ಎರಡು ಹಾಳೆಯನ್ನೂ ಒಂದರ ಮೇಲೊಂದಿಟ್ಟು ಕಿಟಕಿ ಗಾಜಿಗೆ ಹಿಡಿಯುತ್ತೇನೆ. ಸಾಲಿನ ಕೊನೆ, ಒತ್ತಕ್ಷರ, ಅಂಚು ಮೂರೂ ಕೂಡಿದರೆ ಮುಂದಿನ ಕೆಲಸ.

ಕಾಲವೂ ಮುಖ್ಯ. ಮದುವೆ, ಜಾತ್ರೆಗಳ ಸೀಸನ್ನಿನಲ್ಲಿ ಯಾವ ಪ್ರೆಸ್ಸೂ ಅರ್ಧ ದಿನ ನಿಲ್ಲಲಾಗದು. ಆಟಿ ತಿಂಗಳಲ್ಲಿ (ತುಳುನಾಡಿನ, ಜುಲೈ-ಆಗಸ್ಟ್ ಹೊತ್ತಿನ ತಿಂಗಳು) ಶುಭಕಾರ್ಯ ಇರುವುದಿಲ್ಲ, ಕೈ ಬಿಡುವಾಗಿರುತ್ತದೆ. ಆದರೆ ಆಗ ಮಳೆಗೆ ಕರೆಂಟ್ ಹೋಗಿಬರುತ್ತದೆ. ಯುಪಿಎಸ್ ಬ್ಯಾಟರಿ ಎಷ್ಟು ಹೊತ್ತು ತಡೆಯುತ್ತದೆ ಎಂದು ಪ್ಲಗ್ ತೆಗೆದು ನೋಡಿಯೇ ಶುರುಮಾಡಿ.

ಮೊದಲು ಇಡೀ ಡಿಸ್ಕಿನ ಇಮೇಜನ್ನು (ಪೂರ್ತಿ ನಕಲನ್ನು) ಕ್ಲೋನ್‌ಜಿಲ್ಲಾ ಎಂಬ ತಂತ್ರಾಂಶದಿಂದ ಹೊರಗಿನ ಹಾರ್ಡ್‌ಡಿಸ್ಕಿಗೆ ತೆಗೆಯಬೇಕು. ಫಾಂಟ್ಸ್ ಫೋಲ್ಡರ್, ಲೈಸೆನ್ಸ್ ಸಂಖ್ಯೆಗಳು ಬೇರೆಯಾಗಿರಲಿ. ಆಮೇಲೆ ಬಯೋಸ್ (ಕಂಪ್ಯೂಟರ್ ಆನ್ ಆಗುವಾಗಿನ ಮೂಲ ಸೆಟ್ಟಿಂಗ್) ನೋಡಬೇಕು. ವಿಂಡೋಸ್ 11ಕ್ಕೆ ಬೇಕಾದ ಭದ್ರತಾ ವ್ಯವಸ್ಥೆ ಟಿಪಿಎಂ 2.0 ಇಂಟೆಲ್ ಬೋರ್ಡಿನಲ್ಲಿ ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ ಎಂಬ ಹೆಸರಿನಲ್ಲಿ ಆಫ್ ಆಗಿ ಕೂತಿರುವುದುಂಟು. ಇಂಟೆಲ್‌ನಲ್ಲಿ ಸಾಮಾನ್ಯವಾಗಿ 8ನೇ ತಲೆಮಾರಿನಿಂದ ಈಚಿನ ಪ್ರೊಸೆಸರ್ ಬೇಕು. ಡಿಸ್ಕ್ ಎಂಬಿಆರ್ (ಡಿಸ್ಕ್ ವಿಭಾಗಿಸುವ ಹಳೆಯ ಕ್ರಮ) ಆಗಿದ್ದರೆ, ಬಯೋಸನ್ನು ಲೆಗಸಿ ಎಂಬ ಹಳೆಯ ಬೂಟ್ ಕ್ರಮದಿಂದ ಯುಇಎಫ್‌ಐ ಎಂಬ ಹೊಸದಕ್ಕೆ ಬದಲಿಸಿದ ಕೂಡಲೇ ಬೂಟ್ ನಿಲ್ಲುತ್ತದೆ. ಮೊದಲು ವಿಂಡೋಸಿನ ಎಂಬಿಆರ್2ಜಿಪಿಟಿ ಆಜ್ಞೆಯಿಂದ ಡಿಸ್ಕನ್ನು ಜಿಪಿಟಿ ಎಂಬ ಹೊಸ ಕ್ರಮಕ್ಕೆ ಪರಿವರ್ತಿಸಿ. ಪ್ರೈಮರಿ ಪಾರ್ಟಿಷನ್ (ಡಿಸ್ಕಿನ ಮುಖ್ಯ ವಿಭಾಗ) ಮೂರಕ್ಕಿಂತ ಹೆಚ್ಚಿದ್ದರೆ ಅದು ಒಪ್ಪುವುದಿಲ್ಲ.

ಹಾಕಿದ ಮೇಲೆ ಹಿಂದಕ್ಕೆ ಹೋಗುವ ದಾರಿ ತೆರೆದಿರುವುದು 10 ದಿನ. ಅಷ್ಟರಲ್ಲಿ ತಿಂಗಳ ಕೊನೆಯ ಬಿಲ್ಲಿಂಗ್ ಬಾರದೇ ಇರಬಹುದು. ಮೊದಲ ದಿನವೇ ವಿಂಡೋಸಿನ ಡಿಐಎಸ್‌ಎಂ ಎಂಬ ಆಜ್ಞೆಯಿಂದ ಅದನ್ನು 60 ದಿನಕ್ಕೆ ಏರಿಸಿ. ಜಾಗ ಸಾಲದೆಂದು ಡಿಸ್ಕ್ ಕ್ಲೀನಪ್‌ನಲ್ಲಿ ಹಿಂದಿನ ವಿಂಡೋಸ್ ಅಳಿಸಿದರೆ ಆ ದಾರಿ ಮುಚ್ಚಿತು, ಇಮೇಜೇ ಗತಿ. ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವ್ಯವಸ್ಥೆ) ತಾನಾಗಿ ಆನ್ ಆಗಿದೆಯೇ ನೋಡಿ, ಅದನ್ನು ತೆರೆಯುವ ರಿಕವರಿ ಕೀಯನ್ನು ಕಾಗದದಲ್ಲಿ ಬರೆದಿಡಿ.

ಬದಲಿಸಲು ಸಾಧ್ಯವೇ ಇಲ್ಲದ ಕಂಪ್ಯೂಟರುಗಳೂ ಇವೆ. ಸಂಸ್ಥೆಗಳಿಗೆ ಹಣ ಕೊಟ್ಟರೆ ವಿಂಡೋಸ್ 10ಕ್ಕೆ ಮೂರು ವರ್ಷದವರೆಗೆ ಭದ್ರತಾ ಅಪ್‌ಡೇಟ್ ಸಿಗುತ್ತದೆ. ದರ ವರ್ಷವರ್ಷವೂ ಇಮ್ಮಡಿ. ಪೇಜ್‌ಮೇಕರ್ ಒಂದಕ್ಕಾಗಿ ಇಟ್ಟ ಯಂತ್ರಕ್ಕೆ ಅಷ್ಟು ಖರ್ಚು ಬೇಡ. ಅದರ ಲ್ಯಾನ್ ಕೇಬಲ್ ತೆಗೆದು, ವೈಫೈ ಡಿವೈಸ್ ಮ್ಯಾನೇಜರಿನಲ್ಲಿ ಡಿಸೇಬಲ್ ಮಾಡಿ, ಹೊಸ ಕಂಪ್ಯೂಟರಿನಲ್ಲಿ ಸ್ಕ್ಯಾನ್ ಆದ ಪೆನ್‌ಡ್ರೈವ್ ಒಂದರಿಂದಲೇ ಕಡತ ಸಾಗಿಸಬೇಕು. ಗಿರಾಕಿ ತಂದ ಪೆನ್‌ಡ್ರೈವನ್ನು ಅದಕ್ಕೆ ಚುಚ್ಚಲೇಬಾರದು.