ಬಳಸದ ಕ್ರೆಡಿಟ್ ಕಾರ್ಡ್ ಮುಚ್ಚಿಸಿದೆ, ಮೊದಲು ಸಾಲಮಿತಿಯ ಲೆಕ್ಕ ಹಾಕಿ

ನನ್ನ ಬಳಿ ಮೂರು ಕ್ರೆಡಿಟ್ ಕಾರ್ಡ್‌ಗಳಿದ್ದವು. ಅವುಗಳಲ್ಲಿ ಒಂದನ್ನು, ತಾನಾಗಿ ಕಡಿತವಾಗುವ ಇಂಟರ್ನೆಟ್ ಬಿಲ್ ಬಿಟ್ಟರೆ, ನಾನು ಬಳಸುತ್ತಲೇ ಇರಲಿಲ್ಲ. ಆದರೂ ವಾರ್ಷಿಕ ಶುಲ್ಕ 1,000 ರೂಪಾಯಿ, ಅದರ ಮೇಲೆ ಶೇ 18 ಜಿಎಸ್‌ಟಿ, ಒಟ್ಟು 1,180 ರೂಪಾಯಿ ತಪ್ಪದೆ ಬಿಲ್ಲಿಗೆ ಬರುತ್ತಿತ್ತು. ಮುಚ್ಚಿಸುತ್ತೇನೆ ಎಂದಾಗ ಕಚೇರಿಯ ಗೆಳೆಯರು ಬೇಡವೆಂದರು. ಸಿಬಿಲ್ ಸ್ಕೋರ್, ಅಂದರೆ ನಾವು ಸಾಲ ತೀರಿಸುವ ರೀತಿ ನೋಡಿ ಕೊಡುವ ಅಂಕ, ಬಿದ್ದುಹೋಗುತ್ತದೆ ಎಂಬುದು ಅವರ ಭಯ. ಅದರಲ್ಲಿ ಅರ್ಧ ಸತ್ಯವಿದೆ, ಆ ಅರ್ಧ ಯಾವುದೆಂದು ತಿಳಿದರೆ ಸಾಕು.

ಕಾರ್ಡ್ ಮುಚ್ಚಿದ್ದಕ್ಕೆಂದು ಯಾರೂ ಅಂಕ ಕಳೆಯುವುದಿಲ್ಲ. ಕಾರ್ಡಿನ ಜೊತೆಗೆ ಅದರ ಸಾಲಮಿತಿಯೂ ಹೋಗುತ್ತದೆ, ಪೆಟ್ಟು ಬೀಳುವುದು ಅಲ್ಲಿ. ನನ್ನ ಕಾರ್ಡ್‌ಗಳ ಮಿತಿ ಒಂದೂವರೆ ಲಕ್ಷ, ಒಂದು ಲಕ್ಷ ಮತ್ತು 50,000, ಒಟ್ಟು ಮೂರು ಲಕ್ಷ. ತಿಂಗಳ ಖರ್ಚು ಸುಮಾರು 60,000, ಅಂದರೆ ಮಿತಿಯ ಶೇ 20. ನಾನು ಮುಚ್ಚಿಸಬೇಕೆಂದಿದ್ದುದು ಒಂದೂವರೆ ಲಕ್ಷದ ಕಾರ್ಡ್. ಅದು ಹೋದರೆ ಖರ್ಚು ಒಂದು ರೂಪಾಯಿಯೂ ಹೆಚ್ಚದೆ ಬಳಕೆ ಶೇ 40ಕ್ಕೆ ಏರುತ್ತದೆ. ಮಿತಿಯಲ್ಲಿ ಬಳಸುವ ಪಾಲು ಹೆಚ್ಚಾದರೆ ಸ್ಕೋರ್ ಇಳಿಯಬಹುದು, ಶೇ 30ರೊಳಗೆ ಇರಲಿ ಎಂಬುದು ಬಲ್ಲವರ ಸಾಮಾನ್ಯ ಸಲಹೆ. ಬಿಲ್ಲನ್ನು ಪೂರ್ತಿ ಕಟ್ಟುವವರಿಗೂ ಇದು ತಪ್ಪಿದ್ದಲ್ಲ, ಏಕೆಂದರೆ ಸ್ಕೋರ್ ಕೊಡುವ ಸಂಸ್ಥೆಗಳಿಗೆ ಬ್ಯಾಂಕ್ ವರದಿ ಮಾಡುವ ದಿನ ಎಷ್ಟು ಬಾಕಿ ಕಾಣುತ್ತದೋ ಅದೇ ಲೆಕ್ಕಕ್ಕೆ ಬರುತ್ತದೆ.

ಹಾಗಾಗಿ ಮೊದಲು ಒಂದು ಲಕ್ಷದ ಕಾರ್ಡಿನ ಮಿತಿಯನ್ನು ಎರಡು ಲಕ್ಷಕ್ಕೆ ಏರಿಸಿಕೊಂಡೆ. ಈಗ ಉಳಿಯುವ ಎರಡು ಕಾರ್ಡ್‌ಗಳ ಮಿತಿ ಎರಡೂವರೆ ಲಕ್ಷ, ಬಳಕೆ ಶೇ 24. ಮಿತಿ ಏರಿಸಲು ಬ್ಯಾಂಕ್ ಒಪ್ಪದಿದ್ದರೆ, ಬಿಲ್ ತಯಾರಾಗುವ ಮೊದಲೇ ಒಂದಷ್ಟು ಹಣ ಕಟ್ಟಿ ಬಾಕಿ ಇಳಿಸಬೇಕೆಂದಿದ್ದೆ.

ಖಾತೆಯ ವಯಸ್ಸೂ ಸ್ಕೋರಿಗೆ ಮುಖ್ಯ. ನನ್ನ ಅತಿ ಹಳೆಯ ಕಾರ್ಡ್ 50,000 ಮಿತಿಯದು, ಅದಕ್ಕೆ ಶುಲ್ಕವಿಲ್ಲ, ಅದನ್ನು ಮುಟ್ಟಲಿಲ್ಲ. ಹಳೆಯ ಕಾರ್ಡಿಗೇ ಶುಲ್ಕವಿದ್ದರೆ ಶುಲ್ಕರಹಿತ ಕಾರ್ಡಿಗೆ ಬದಲಾಯಿಸಿಕೊಡಿ ಎಂದು ಕೇಳುವುದು ಒಳ್ಳೆಯದು. ಗೃಹಸಾಲಕ್ಕೆ ಅರ್ಜಿ ಹಾಕುವ ಆಸುಪಾಸಿನಲ್ಲಂತೂ ಯಾವ ಕಾರ್ಡನ್ನೂ ಮುಚ್ಚಿಸಬೇಡಿ. ಸ್ಕೋರ್ ನೋಡಿ ಬಡ್ಡಿ ದರ ನಿಗದಿ ಮಾಡುವ ಬ್ಯಾಂಕ್‌ಗಳಿವೆ.

ಮುಚ್ಚುವ ಮುನ್ನ ರಿವಾರ್ಡ್ ಪಾಯಿಂಟ್‌ಗಳನ್ನು ಬಳಸಿಕೊಂಡೆ, ಆ ಕಾರ್ಡಿನಿಂದ ತಾನಾಗಿ ಕಡಿತವಾಗುತ್ತಿದ್ದ ಇಂಟರ್ನೆಟ್ ಬಿಲ್ಲನ್ನು ಬೇರೆ ಕಾರ್ಡಿಗೆ ಸೇರಿಸಿ, ಚಿಲ್ಲರೆ ಬಾಕಿಯನ್ನೂ ತೀರಿಸಿದೆ. ಸಹಾಯವಾಣಿಯವರು ಶುಲ್ಕ ಮನ್ನಾ ಮಾಡುತ್ತೇವೆ, ಉಳಿಸಿಕೊಳ್ಳಿ ಎಂದರು. ಒಂದು ವರ್ಷದ ಮನ್ನಾ ಮುಂದಿನ ವರ್ಷಕ್ಕೆ ಉಪಯೋಗವಿಲ್ಲ. ನಾನು ಇಮೇಲ್‌ನಲ್ಲಿ ಕೋರಿಕೆ ಕಳಿಸಿದೆ. ಆರ್‌ಬಿಐ 2022ರಲ್ಲಿ ತಂದ ನಿಯಮದ ಪ್ರಕಾರ, ಬಾಕಿಯೆಲ್ಲ ತೀರಿದ್ದರೆ ಏಳು ಕೆಲಸದ ದಿನಗಳೊಳಗೆ ಕಾರ್ಡ್ ಮುಚ್ಚಬೇಕು. ತಡವಾದರೆ ದಿನಕ್ಕೆ 500 ರೂಪಾಯಿ ದಂಡವನ್ನು ಗ್ರಾಹಕರಿಗೆ ಕೊಡಬೇಕು. ಅಂಚೆಯಲ್ಲೇ ಪತ್ರ ಕಳಿಸಿ ಎಂದು ಒತ್ತಾಯಿಸುವಂತಿಲ್ಲ. ಈ ನಿಯಮವನ್ನು ಇಮೇಲ್‌ನಲ್ಲೇ ಬರೆದಿದ್ದೆ, ಕೆಲಸ ಸುಗಮವಾಯಿತು. ಬಾಕಿ ಇಲ್ಲವೆಂಬ ಪತ್ರವನ್ನು ಕೇಳಿ ಪಡೆದು ಇಟ್ಟುಕೊಂಡಿದ್ದೇನೆ.

ಆಮೇಲೆ ನನ್ನ ಸಾಲ ಮತ್ತು ಸ್ಕೋರಿನ ವರದಿ ತೆಗೆದು ನೋಡಿದೆ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್, ಸ್ಕೋರ್ ಕೊಡುವ ಈ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ನಮ್ಮ ವರದಿಯನ್ನು ನಾವೇ ನೋಡಿದರೆ ಅಂಕ ಇಳಿಯುವುದಿಲ್ಲ. ಕಾರ್ಡ್ ಮುಚ್ಚಿದೆ ಎಂದು ದಾಖಲಾಗಿತ್ತು, ಬಾಕಿ ಸೊನ್ನೆ. ಸರಿಯಾಗಿ ಬಿಲ್ ಕಟ್ಟಿದ ವರ್ಷಗಳ ಇತಿಹಾಸ ಹಾಗೆಯೇ ಉಳಿದಿತ್ತು, ಅದು ಮುಚ್ಚಿದ ಕೂಡಲೇ ಅಳಿಸಿಹೋಗುವುದಿಲ್ಲ. ಸ್ಕೋರ್ ಕೆಲವೇ ಅಂಕ ಇಳಿದು, ಸ್ವಲ್ಪ ಕಾಲದಲ್ಲೇ ಮೊದಲಿನ ಮಟ್ಟಕ್ಕೆ ಬಂತು.

ಉಳಿದ ಹಳೆಯ ಕಾರ್ಡಿನಿಂದ ಈಗ ಪ್ರತಿ ತಿಂಗಳು ಮೊಬೈಲ್ ಬಿಲ್ ಕಟ್ಟುತ್ತಿದ್ದೇನೆ. ವರ್ಷಕ್ಕಿಂತ ಹೆಚ್ಚು ಕಾಲ ಬಳಸದ ಕಾರ್ಡನ್ನು ಬ್ಯಾಂಕ್ ತಿಳಿವಳಿಕೆ ನೀಡಿ, 30 ದಿನಗಳಲ್ಲಿ ಉತ್ತರ ಬರದಿದ್ದರೆ ತಾನೇ ಮುಚ್ಚಬಹುದು.