ಟ್ರಂಕಿನ ಫೋಟೋಗಳಿಂದ ಪುಸ್ತಕ: ಸ್ಕ್ರೈಬಸ್‌ಗೆ ಸ್ಕ್ರಿಪ್ಟ್ ಹಾಕಿಕೊಳ್ಳುವುದು ಹೇಗೆ?

ಕೊಡಗಿನ ಮಳೆಗೂ ಹಳೇ ಫೋಟೋಗಳಿಗೂ ಆಗಿಬರುವುದಿಲ್ಲ. ಜೂನ್‌ನಲ್ಲಿ ಮುಚ್ಚಿಟ್ಟ ಆಲ್ಬಂ ಸೆಪ್ಟೆಂಬರ್‌ನಲ್ಲಿ ತೆರೆದರೆ ಬೂಷ್ಟು ಹಿಡಿದಿರುತ್ತದೆ, ಫೋಟೋ ಪ್ಲಾಸ್ಟಿಕ್ ಹಾಳೆಗೆ ಅಂಟಿಕೊಂಡಿರುತ್ತದೆ. ನಾಪೋಕ್ಲು ಕಡೆಯ ನಮ್ಮ ಅತ್ತೆ ಮನೆಯಲ್ಲಿ ಒಂದು ತಗಡಿನ ಟ್ರಂಕ್ ಇದೆ. ಅದರೊಳಗೆ 214 ಫೋಟೋ. ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್‌ಗೆ ತೋಕ್ ಪೂ (ಕೋವಿ ಹೂವು) ಸಿಕ್ಕಿಸಿ ಒರಗಿಸಿಟ್ಟ ಕೋವಿಗಳು, ಸುಗ್ಗಿ ಹಬ್ಬ ಪುತ್ತರಿಯ ಕದಿರು ಹೊತ್ತು ಬರುವವರು, ಐನ್‌ಮನೆ (ಹಿರಿಯರ ಮೂಲ ಮನೆ) ಜಗಲಿಯಲ್ಲಿ ಸಾಲಾಗಿ ಕೂತ ಒಕ್ಕದವರು, ಅಂದರೆ ನಮ್ಮ ಕುಲದವರು. ಎಲ್ಲವನ್ನೂ ಸ್ಕ್ಯಾನ್ ಮಾಡಿ ಒಂದು ಪುಸ್ತಕ ಮಾಡಿಬಿಡೋಣ ಅಂತ ಕೂತೆ.

ಮೊದಲ ಹದಿನೈದು ಪುಟ ಕೈಯಲ್ಲೇ ಜೋಡಿಸಿದೆ. ಚೌಕ ಎಳಿ, ಫೋಟೋ ಹಾಕು, ಅಳತೆ ಸರಿಮಾಡು, ಕೆಳಗೆ ಹೆಸರಿಗೆ ಇನ್ನೊಂದು ಚೌಕ ಎಳಿ. ಎರಡು ಸಂಜೆ ಅದರಲ್ಲೇ ಹೋಯಿತು. ಮೈಸೂರಿನಲ್ಲಿ ಓದುವ ಅಣ್ಣನ ಮಗ ರಜೆಗೆ ಬಂದವನು ಹಿಂದೆ ನಿಂತು ನೋಡಿದ. "ಇದಕ್ಕೆ ಒಂದು ಸ್ಕ್ರಿಪ್ಟ್ ಸಾಕು ಅಲ್ವಾ?" ಅಂದ. ಸ್ಕ್ರಿಪ್ಟ್ ಅಂದರೆ ಇಂಥ ಕೆಲಸವನ್ನು ತಾನೇ ಮಾಡಲು ಕಂಪ್ಯೂಟರಿಗೆ ಬರೆದುಕೊಡುವ ಆಜ್ಞೆಗಳ ಪಟ್ಟಿ. ಸಾಕಾಯಿತು. ಆದರೆ ಆ ಸ್ಕ್ರಿಪ್ಟ್ ಸರಿಯಾಗಿ ಓಡುವ ಮೊದಲು ನಾನು ಮಾಡಿದ ತಪ್ಪುಗಳೂ ಸಾಕಷ್ಟಿವೆ. ಅವನ್ನೂ ಇಲ್ಲೇ ಹೇಳುತ್ತೇನೆ, ನಿಮಗಾದರೂ ಉಳಿಯಲಿ.

ಮೊದಲು ಸಾಫ್ಟ್‌ವೇರ್

ಸ್ಕ್ರೈಬಸ್ ಪುಸ್ತಕ, ಪತ್ರಿಕೆಗಳ ಪುಟ ಕಟ್ಟುವ ಸಾಫ್ಟ್‌ವೇರ್. ಪೂರ್ತಿ ಉಚಿತ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಇದೆ. ಅದರ ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಿ. 2024ರಲ್ಲಿ ಬಂದ 1.6 ಸರಣಿಯದ್ದೇ ಬೇಕು, ಹಳೆಯ 1.4 ಬೇಡವೇ ಬೇಡ. ಕಾರಣ ಎರಡು. 1.4ರಲ್ಲಿ ಕನ್ನಡದ ಒತ್ತಕ್ಷರ ಕೂಡಿಕೊಳ್ಳುವುದಿಲ್ಲ, 'ಪುತ್ತರಿ' ಹೋಗಿ 'ಪುತ್‌ತರಿ' ಆಗುತ್ತದೆ. ಇನ್ನೊಂದು, ಸ್ಕ್ರಿಪ್ಟ್‌ಗಳು ಪೈಥಾನ್ ಭಾಷೆಯಲ್ಲಿರುತ್ತವೆ. ಹಳೇ ಸ್ಕ್ರೈಬಸ್‌ನದು ಪೈಥಾನ್ 2, ಈಗಿನದು ಪೈಥಾನ್ 3. ಒಂದಕ್ಕೆ ಬರೆದದ್ದು ಇನ್ನೊಂದರಲ್ಲಿ ಎಷ್ಟೋ ಸಲ ಮೊದಲ ಸಾಲಲ್ಲೇ ಮುಗ್ಗರಿಸುತ್ತದೆ. ಇಂಟರ್ನೆಟ್‌ನಲ್ಲಿ ಸಿಗುವ ಹಳೇ ಸ್ಕ್ರಿಪ್ಟ್ ಹಾಕಿ ಎರರ್ ಬಂದರೆ ನಿಮ್ಮ ಕಂಪ್ಯೂಟರ್ ಕೆಟ್ಟಿದೆ ಅಂದುಕೊಳ್ಳಬೇಡಿ. ಹೆಚ್ಚಿನ ಸಲ ಕಾರಣ ಇದೇ.

ಇನ್‌ಸ್ಟಾಲ್ ಆದಮೇಲೆ ಮೊದಲ ಕೆಲಸ ಆಟೋಸೇವ್. ಪ್ರಿಫರೆನ್ಸಸ್‌ನಲ್ಲಿ ಡಾಕ್ಯುಮೆಂಟ್ ಸೆಟಪ್‌ಗೆ ಹೋಗಿ ಅದನ್ನು ಆನ್ ಮಾಡಿ, 5 ನಿಮಿಷಕ್ಕೆ ಇಡಿ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೇಳಿ ಕೇಳಿ ಹೋಗುವುದಿಲ್ಲ.

ಈಗ ಸುಮ್ನೆ ಒಂದು ಪರೀಕ್ಷೆ ಮಾಡಿ. ಮೇಲಿನ ಸಾಲಿನಲ್ಲಿ 'ಸ್ಕ್ರಿಪ್ಟ್' ಅನ್ನುವ ಮೆನು ಇದೆ. ಅದರೊಳಗೆ 'ಸ್ಕ್ರೈಬಸ್ ಸ್ಕ್ರಿಪ್ಟ್ಸ್' ಪಟ್ಟಿಯಲ್ಲಿ 'ಕ್ಯಾಲೆಂಡರ್ ವಿಜರ್ಡ್' ಸಿಗುತ್ತದೆ. ಸಾಫ್ಟ್‌ವೇರ್ ಜೊತೆಗೇ ಬರುವ ಸ್ಕ್ರಿಪ್ಟ್ ಅದು. ಒತ್ತಿ ನೋಡಿ, ವರ್ಷ ಮತ್ತು ತಿಂಗಳು ಕೇಳಿ ತಾನೇ ಕ್ಯಾಲೆಂಡರ್ ಪುಟ ಕಟ್ಟುತ್ತದೆ. ಅದು ಓಡಿತು ಅಂದರೆ ಸ್ಕ್ರಿಪ್ಟ್ ಓಡಿಸುವ ವ್ಯವಸ್ಥೆ ಸರಿ ಇದೆ ಅಂತ ಅರ್ಥ.

ಸ್ಕ್ರಿಪ್ಟ್ ತರುವುದು, ಇಡುವುದು

ಸ್ಕ್ರೈಬಸ್‌ನ ವಿಕಿಯಲ್ಲಿ ಬೇರೆಬೇರೆಯವರು ಬರೆದ ಸ್ಕ್ರಿಪ್ಟ್‌ಗಳಿವೆ. ನಾನು ಬಳಸಿದ್ದು ಅಣ್ಣನ ಮಗ ಕೂತು ಬರೆದದ್ದು, ನಲವತ್ತು ಸಾಲು ದಾಟುವುದಿಲ್ಲ. ನಿಮ್ಮ ಮನೆಯಲ್ಲೂ ಪೈಥಾನ್ ಕಲಿಯುವ ಮಕ್ಕಳಿದ್ದರೆ ಹಿಡಿದು ಕೂರಿಸಿ. ಅವರಿಗೆ ಬೇಕಾದ ಆಜ್ಞೆಗಳು ನಾಲ್ಕೈದೇ. 'ಕ್ರಿಯೇಟ್‌ಇಮೇಜ್' ಚೌಕ ಎಳೆಯುತ್ತದೆ, 'ಲೋಡ್‌ಇಮೇಜ್' ಅದಕ್ಕೆ ಫೋಟೋ ತುಂಬುತ್ತದೆ, 'ಕ್ರಿಯೇಟ್‌ಟೆಕ್ಸ್ಟ್' ಕೆಳಗೆ ಹೆಸರಿಗೆ ಜಾಗ ಮಾಡುತ್ತದೆ, ಪುಟ ತುಂಬಿದರೆ 'ನ್ಯೂಪೇಜ್'. ಇನ್ನೊಂದಿದೆ, 'ಸೆಟ್‌ಸ್ಕೇಲ್‌ಇಮೇಜ್‌ಟುಫ್ರೇಮ್'. ಹೆಸರು ಉದ್ದ, ಕೆಲಸ ಮುಖ್ಯ. ಫೋಟೋವನ್ನು ಚೌಕದ ಅಳತೆಗೆ ಹೊಂದಿಸುವುದು ಇದೇ. ಉದ್ದ ಅಗಲದ ಪ್ರಮಾಣ ಉಳಿಸಬೇಕೋ ಬೇಡವೋ ಅಂತಲೂ ಇದಕ್ಕೆ ಹೇಳಬೇಕು. ನಮ್ಮ ಮೊದಲ ಪ್ರಯತ್ನದಲ್ಲಿ ಅದನ್ನು 'ಬೇಡ' ಅಂತ ಕೊಟ್ಟಿದ್ದೆವು. ಪೀಚೆಕತ್ತಿ ಸಿಕ್ಕಿಸಿಕೊಂಡು ನೆಟ್ಟಗೆ ನಿಂತಿದ್ದ ದೊಡ್ಡಪ್ಪ ಅಡ್ಡಡ್ಡ ಊದಿಕೊಂಡು ಬಂದರು.

ಸ್ಕ್ರಿಪ್ಟ್ ಫೈಲ್‌ನ ಹೆಸರು 'ಡಾಟ್ ಪಿವೈ' ಅಂತ ಮುಗಿಯಬೇಕು. ನೋಟ್‌ಪ್ಯಾಡ್‌ಗೆ ಅಂಟಿಸಿ ಸೇವ್ ಮಾಡುವಾಗ ವಿಂಡೋಸ್ ಕೊನೆಗೆ 'ಡಾಟ್ ಟಿಎಕ್ಸ್‌ಟಿ' ಸೇರಿಸಿಬಿಡುತ್ತದೆ, ಅದು ಕಣ್ಣಿಗೂ ಕಾಣುವುದಿಲ್ಲ. ಸೇವ್ ಮಾಡುವಾಗ 'ಆಲ್ ಫೈಲ್ಸ್' ಆಯ್ಕೆ ಮಾಡಿ. ವರ್ಡ್‌ಗೆ ಅಂಟಿಸುವ ಸಹವಾಸ ಮಾತ್ರ ಬೇಡ. ಪೈಥಾನ್‌ನಲ್ಲಿ ಸಾಲಿನ ಮುಂದಿನ ಖಾಲಿ ಜಾಗಕ್ಕೂ ಲೆಕ್ಕ ಇದೆ. ವರ್ಡ್ ಆ ಜಾಗವನ್ನು ಕೆಡಿಸುತ್ತದೆ, ಉದ್ಧರಣ ಚಿಹ್ನೆಗಳನ್ನೂ ಬಾಗಿಸಿಬಿಡುತ್ತದೆ.

ಒಂದು ಎಚ್ಚರಿಕೆ. ಸ್ಕ್ರಿಪ್ಟ್ ಅಂದರೆ ಪೂರ್ಣ ಪ್ರೋಗ್ರಾಂ. ನಿಮ್ಮ ಫೈಲ್‌ಗಳನ್ನು ಅಳಿಸುವ ಶಕ್ತಿಯೂ ಅದಕ್ಕಿದೆ. ಯಾರದ್ದು, ಎಲ್ಲಿಯದ್ದು ಅಂತ ಗೊತ್ತಿಲ್ಲದ್ದನ್ನು ಓಡಿಸಬೇಡಿ. ಸ್ಕ್ಯಾನ್‌ಗಳ ಒಂದು ಪ್ರತಿಯನ್ನು ಬೇರೆ ಡಿಸ್ಕ್‌ನಲ್ಲಿ ಇಟ್ಟ ಮೇಲೆಯೇ ಶುರು ಮಾಡಿ.

ಓಡಿಸುವುದು ಸುಲಭ. ಸ್ಕ್ರಿಪ್ಟ್ ಮೆನುವಿನಲ್ಲಿ 'ಎಕ್ಸಿಕ್ಯೂಟ್ ಸ್ಕ್ರಿಪ್ಟ್' ಒತ್ತಿ ಫೈಲ್ ತೋರಿಸಿದರೆ ಆಯಿತು. ಪದೇಪದೇ ಹುಡುಕುವುದು ಬೇಡ ಅಂದರೆ ಒಂದು ಫೋಲ್ಡರ್ ಮಾಡಿ ಅದರಲ್ಲೇ ಸ್ಕ್ರಿಪ್ಟ್‌ಗಳನ್ನಿಟ್ಟು, ಪ್ರಿಫರೆನ್ಸಸ್‌ನ 'ಪಾತ್ಸ್' ಪುಟದಲ್ಲಿ 'ಸ್ಕ್ರಿಪ್ಟ್ಸ್' ಎದುರು ಆ ಜಾಗ ಕೊಡಿ.

ಇನ್‌ಡಿಸೈನ್ (ಅಡೋಬಿಯವರ ಪುಟ ಕಟ್ಟುವ ಸಾಫ್ಟ್‌ವೇರ್) ಇರುವವರಿಗೆ ಇಷ್ಟೆಲ್ಲ ಬೇಕಿಲ್ಲ. ವಿಂಡೋ, ಯುಟಿಲಿಟೀಸ್, ಸ್ಕ್ರಿಪ್ಟ್ಸ್ ಅಂತ ಹೋದರೆ ಮಾದರಿಗಳ ನಡುವೆ 'ಇಮೇಜ್ ಕ್ಯಾಟಲಾಗ್' ಇದೆ. ಎರಡು ಸಲ ಕ್ಲಿಕ್ ಮಾಡಿ ಫೋಲ್ಡರ್ ತೋರಿಸಿದರೆ ಎಷ್ಟು ಸಾಲು, ಎಷ್ಟು ಕಂಬ ಅಂತ ಕೇಳಿ ಜೋಡಿಸಿಕೊಡುತ್ತದೆ. ಕನ್ನಡ ಸರಿ ಬರಲು 'ವರ್ಲ್ಡ್ ರೆಡಿ ಕಂಪೋಸರ್' ಆಯ್ಕೆ ಮಾಡಿಕೊಳ್ಳಿ.

ಫೈಲ್‌ಗಳಿಗೆ ಹೆಸರಿಡುವುದು

ಜಾಸ್ತಿ ಸಮಯ ತಿನ್ನುವುದು ಇದೇ. ಸ್ಕ್ರಿಪ್ಟ್‌ಗೆ ನಿಮ್ಮ ಅಜ್ಜಿ ಯಾರು, ಮೊಮ್ಮಗ ಯಾರು ಅಂತ ಗೊತ್ತಿಲ್ಲ. ಅದು ನೋಡುವುದು ಫೈಲ್ ಹೆಸರನ್ನು ಮಾತ್ರ. ನಾನು 1, 2, 3 ಅಂತ ಕೊಟ್ಟಿದ್ದೆ. ಸ್ಕ್ರಿಪ್ಟ್ ಅದನ್ನು ಸಂಖ್ಯೆ ಅಂತ ಓದುವುದಿಲ್ಲ, ಅಕ್ಷರ ಅಂತ ಓದುತ್ತದೆ. ಹಾಗಾಗಿ 1 ಆದಮೇಲೆ 10, ಆಮೇಲೆ 100, 101. 2 ಎಲ್ಲೋ ನೂರು ಫೋಟೋ ಆದಮೇಲೆ. ಅಜ್ಜಿಯ ಮದುವೆ ಪಕ್ಕದಲ್ಲೇ ಮೊಮ್ಮಗನ ಮದುವೆ ಬಂದು ಕೂತಿತು. 001, 002 ಅಂತ ಮೂರು ಅಂಕಿ ಕೊಟ್ಟ ಮೇಲೆ ಸರಿಯಾಯಿತು.

ನಮ್ಮ ಸ್ಕ್ರಿಪ್ಟ್ ಅಂಕಿಯ ನಂತರದ ಹೆಸರನ್ನೇ ಫೋಟೋ ಕೆಳಗಿನ ಬರಹ ಮಾಡುತ್ತದೆ. '014 ಪುತ್ತರಿ, ಐನ್‌ಮನೆ ಅಂಗಳ' ಅಂತಿದ್ದರೆ ಅಂಕಿ ಬಿಟ್ಟು ಉಳಿದದ್ದು ಅಚ್ಚಾಗುತ್ತದೆ. ಹೆಸರಿನಲ್ಲಿ ಓರೆಗೆರೆ ಮತ್ತು ಪ್ರಶ್ನೆ ಚಿಹ್ನೆಯನ್ನು ವಿಂಡೋಸ್ ಒಪ್ಪುವುದಿಲ್ಲ. ತಾರೀಕು ಬರೆಯುವಾಗ ನೆನಪಿರಲಿ.

ಎಲ್ಲ ಮುಗಿದ ಮೇಲೆ ಎಣಿಸಿ. ನಾನು ಎಣಿಸಿದಾಗ 214ಕ್ಕೆ 197 ಮಾತ್ರ ಇತ್ತು. ಕಳ್ಳತನ ಏನಿಲ್ಲ. ಸ್ಕ್ರಿಪ್ಟ್ 'ಜೆಪಿಜಿ' ಅಂತ ಸಣ್ಣಕ್ಷರದಲ್ಲಿ ಮುಗಿಯುವ ಫೈಲ್‌ಗಳನ್ನು ಮಾತ್ರ ಹುಡುಕುತ್ತಿತ್ತು. ಉಳಿದ 17 ಫೋಟೋಗಳ ಹೆಸರು ದೊಡ್ಡಕ್ಷರದಲ್ಲಿ ಮುಗಿಯುತ್ತಿತ್ತು. ಎರರ್ ಕೂಡ ಕೊಡದೆ ಅವನ್ನು ಬಿಟ್ಟು ಮುಂದೆ ಹೋಗಿತ್ತು. ಐಫೋನಿನ ಎಚ್‌ಇಐಸಿ ಫೋಟೋಗಳನ್ನೂ ಮೊದಲೇ ಜೆಪಿಜಿ ಮಾಡಿಕೊಳ್ಳಿ.

ಮೊದಲ ಸಲ ಹತ್ತೇ ಫೋಟೋ ಇಟ್ಟು ಓಡಿಸಿ ನೋಡಿ, ಫೈಲ್ ಸೇವ್ ಮಾಡಿದ ಮೇಲೆ.

ಅಳತೆ, ಅಕ್ಷರ

ಅಚ್ಚಿಗೆ ಇಂಚಿಗೆ 300 ಪಿಕ್ಸೆಲ್ ಇದ್ದರೆ ಚೆಂದ. ಎ4 ಪುಟ ತುಂಬಬೇಕಾದರೆ 2480ಕ್ಕೆ 3508 ಪಿಕ್ಸೆಲ್ ಬೇಕು. 4ಕ್ಕೆ 6 ಇಂಚಿನ ಫೋಟೋವನ್ನು 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕಿ) ಸ್ಕ್ಯಾನ್ ಮಾಡಿದರೆ 2400ಕ್ಕೆ 3600 ಸಿಗುತ್ತದೆ, ಒಂದು ಪುಟಕ್ಕೆ ಹೆಚ್ಚುಕಡಿಮೆ ಸರಿ. ವಾಟ್ಸ್ಆ್ಯಪ್‌ನಲ್ಲಿ ಮಾಮೂಲಿಯಾಗಿ ಬಂದ ಫೋಟೋದ ಉದ್ದದ ಬದಿ ಸಾಮಾನ್ಯವಾಗಿ 1600 ಪಿಕ್ಸೆಲ್. ಅದು ಐದೂಕಾಲು ಇಂಚಿಗೆ ಸಾಕು, ಅಷ್ಟೇ. ದೂರದ ನೆಂಟರಿಗೆ 'ಡಾಕ್ಯುಮೆಂಟ್ ಆಗಿ ಕಳಿಸಿ' ಅಂತ ಮೊದಲೇ ಹೇಳಿಬಿಡಿ. ಸ್ಕ್ರೈಬಸ್‌ನ 'ಪ್ರೀಫ್ಲೈಟ್ ವೆರಿಫೈಯರ್' ಓಡಿಸಿದರೆ ಯಾವ ಫೋಟೋ ತೀರಾ ಚಿಕ್ಕದು, ಯಾವ ಬರಹ ಚೌಕದಿಂದ ಹೊರಗೆ ಚೆಲ್ಲಿದೆ ಅಂತ ಪುಟದ ಸಮೇತ ಹೇಳುತ್ತದೆ.

ಅಕ್ಷರ ಯೂನಿಕೋಡ್ ಆಗಿರಲಿ, ಅಂದರೆ ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತದಲ್ಲಿ. ನೋಟೋ ಸಾನ್ಸ್ ಕನ್ನಡ, ನೋಟೋ ಸೆರಿಫ್ ಕನ್ನಡ ಎರಡೂ ಉಚಿತ. ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದನ್ನು ಇಲ್ಲಿ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ ಕಾಣುತ್ತದೆ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ.

ಪ್ರೆಸ್‌ಗೆ ಕೊಡುವ ಮೊದಲು

ಸ್ಕ್ರೈಬಸ್ ಫೈಲ್‌ನೊಳಗೆ ಫೋಟೋ ಇರುವುದಿಲ್ಲ, ಅದು ಎಲ್ಲಿದೆ ಅನ್ನುವ ವಿಳಾಸ ಮಾತ್ರ ಇರುತ್ತದೆ. ಇದು ಗೊತ್ತಿಲ್ಲದೆ ನಾನು ಬರೀ ಆ ಫೈಲ್ ಒಂದನ್ನೇ ಪೆನ್‌ಡ್ರೈವ್‌ಗೆ ಹಾಕಿಕೊಂಡು ಬಸ್ ಹತ್ತಿದೆ. ಪ್ರೆಸ್‌ನವರು ತೆರೆದರು. ಪುಟ ಪುಟಕ್ಕೂ ಖಾಲಿ ಚೌಕ, ಅದರ ಮೇಲೆ ಕೆಂಪು ಗೀಟು. ಅವತ್ತಿನ ಬಸ್ ಚಾರ್ಜ್ ದಂಡ. 'ಫೈಲ್' ಮೆನುವಿನ 'ಕಲೆಕ್ಟ್ ಫಾರ್ ಔಟ್‌ಪುಟ್' ಒತ್ತಿದ್ದರೆ ಫೋಟೋಗಳೂ ಒಟ್ಟಿಗೆ ಒಂದೇ ಫೋಲ್ಡರ್‌ಗೆ ಬರುತ್ತಿದ್ದವು. ಫಾಂಟ್ ಕೂಡ ಸೇರಿಸು ಅಂತ ಟಿಕ್ ಹಾಕಿ.

ಪ್ರೆಸ್‌ಗೆ ಬೇಕಾಗುವುದು ಸಾಮಾನ್ಯವಾಗಿ ಪಿಡಿಎಫ್. ಅಂಚಿನವರೆಗೂ ಫೋಟೋ ಇದ್ದರೆ ಸುತ್ತ 3 ಮಿಲಿಮೀಟರ್ ಬ್ಲೀಡ್ (ಅಂಚಿನಾಚೆಗೆ ಚಾಚುವ ಹೆಚ್ಚುವರಿ ಭಾಗ) ಬಿಡಿ, ಕತ್ತರಿಸುವಾಗ ಬಿಳಿ ಗೆರೆ ಉಳಿಯುವುದಿಲ್ಲ. ನಡುವೆ ಪಿನ್ ಹೊಡೆಯುವ ಪುಸ್ತಕವಾದರೆ ಪುಟಗಳು ನಾಲ್ಕರ ಮಗ್ಗಿಯಲ್ಲಿರಬೇಕು. ಉಳಿದದ್ದನ್ನು ಅವರನ್ನೇ ಕೇಳಿ, ಒಬ್ಬೊಬ್ಬರದು ಒಂದೊಂದು ಪದ್ಧತಿ.

ಒಂದೇ ಒಂದು ಪ್ರೂಫ್ ತೆಗೆಸಿ ಹಿರಿಯರ ಕೈಗೆ ಕೊಡಿ. ನಮ್ಮ ಅತ್ತೆ ಕನ್ನಡಕ ಏರಿಸಿ ಕೂತವರು 31ನೇ ಪುಟದಲ್ಲಿ ನಿಂತರು. "ಇವನು ದೊಡ್ಡವನಲ್ಲ, ಇವನು ಸಣ್ಣವನು. ದೊಡ್ಡವನಿಗೆ ಹುಬ್ಬಿನ ಮೇಲೆ ಗಾಯ ಇತ್ತು." ಇಬ್ಬರು ಚಿಕ್ಕಪ್ಪಂದಿರ ಹೆಸರು ಅದಲುಬದಲಾಗಿತ್ತು. ಇಂಥ ತಪ್ಪು ತಿದ್ದಲು ಫೈಲ್ ಹೆಸರು ಬದಲಿಸಿ ಸ್ಕ್ರಿಪ್ಟನ್ನು ಮತ್ತೆ ಓಡಿಸಬೇಡಿ. ಅದೇ ಪುಸ್ತಕದ ಕೊನೆಗೆ ಎಲ್ಲ ಪುಟವನ್ನೂ ಇನ್ನೊಂದು ಸಲ ಸೇರಿಸುತ್ತದೆ. ಆ ಬರಹದ ಚೌಕ ಆರಿಸಿ 'ಸ್ಟೋರಿ ಎಡಿಟರ್'ನಲ್ಲಿ ತಿದ್ದಿದರೆ ಸಾಕು. ಮುಂದಿನ ಸಲಕ್ಕೆ ಇರಲಿ ಅಂತ ಫೈಲ್ ಹೆಸರನ್ನು ಆಮೇಲೆ ಬದಲಿಸುವುದಾದರೆ, ಆ ಚೌಕಕ್ಕೆ ಫೋಟೋವನ್ನು ಹೊಸ ಹೆಸರಿನಲ್ಲಿ ಮತ್ತೆ ತೋರಿಸಬೇಕು. ಇಲ್ಲದಿದ್ದರೆ ಅದೇ ಕೆಂಪು ಗೀಟು.

ಅತ್ತೆ ಇನ್ನೂ ಏಳು ಕಡೆ ಪೆನ್ಸಿಲ್ ಗುರುತು ಹಾಕಿದ್ದಾರೆ. ಒಂದು ಫೋಟೋದ ಪಕ್ಕ ಬರೀ ಪ್ರಶ್ನೆ ಚಿಹ್ನೆ ಇದೆ, ಅದಕ್ಕೆ ಕಕ್ಕಬ್ಬೆಯ ಅವರ ಅಕ್ಕನನ್ನೇ ಕೇಳಬೇಕಂತೆ.