ವೇತಾಳ ಟೇಕಡಿಯ ಗರಸಿನಲ್ಲಿ ಜಾರದಿರಲು ಗಾಳಿ ಇಳಿಸಿ

ವೇತಾಳ ಟೇಕಡಿಗೆ ಸೈಕಲ್ ಒಯ್ಯುವ ಪುಣೆಯ ಕನ್ನಡಿಗರೇ, ಗುಡ್ಡ ಹತ್ತುವ ಮೊದಲು ಟೈರಿನ ಗಾಳಿ ಇಳಿಸಿಕೊಳ್ಳಿ. 2.2 ಇಂಚಿನ ಟೈರ್, ಒಳಗೆ ಟ್ಯೂಬ್, ಸವಾರರ ತೂಕ 70 ಕಿಲೋ ಆಸುಪಾಸು ಇದ್ದರೆ ಮುಂದೆ 26, ಹಿಂದೆ 29 ಪಿಎಸ್ಐ (ಗಾಳಿಯ ಒತ್ತಡದ ಅಳತೆ) ಸಾಕು. ಟ್ಯೂಬ್‌ಲೆಸ್ ಆದರೆ ಇನ್ನೂ ಮೂರು ಕಡಿಮೆ. ಅಂಗಡಿಯಲ್ಲಿ ತುಂಬಿಕೊಟ್ಟ 50 ಪಿಎಸ್ಐನಲ್ಲಿ ಟೈರ್ ಗಟ್ಟಿಯಾಗಿ ಸಡಿಲ ಗರಸಿನ ಮೇಲೆ ಗೋಲಿಯಂತೆ ಉರುಳುತ್ತದೆ. ಗಾಳಿ ಕಡಿಮೆಯಿದ್ದರೆ ಟೈರ್ ಚಪ್ಪಟೆಯಾಗಿ ಹೆಚ್ಚು ನೆಲ ಹಿಡಿಯುತ್ತದೆ, ಕಲ್ಲಿನ ಮೇಲೆ ಪುಟಿಯುವುದಿಲ್ಲ. ತೂಕ ಹಿಂದಿನ ಚಕ್ರದ ಮೇಲೇ ಹೆಚ್ಚಾದ್ದರಿಂದ ಅಲ್ಲಿ ಮೂರು ಪಿಎಸ್ಐ ಜಾಸ್ತಿ. ಅಳತೆ ನೆರಳಿನಲ್ಲೇ ನೋಡಿ, ಬಿಸಿಲಲ್ಲಿ ನಿಂತ ಟೈರ್ ಹೆಚ್ಚು ತೋರಿಸುತ್ತದೆ. ಪ್ರತಿಸಲ ಅದೇ ಪಂಪಿನ ಮೀಟರ್ ಬಳಸಿ, ಒಂದೊಂದು ಪಂಪಿನದು ಒಂದೊಂದು ಲೆಕ್ಕ. ಟ್ಯೂಬ್ ಇದ್ದಾಗ ಇನ್ನೂ ಇಳಿಸಿದರೆ ಚೂಪು ಕಲ್ಲಿಗೆ ರಿಮ್ ಬಡಿದು ಟ್ಯೂಬಿನಲ್ಲಿ ಅಕ್ಕಪಕ್ಕ ಎರಡು ತೂತು ಬೀಳುತ್ತವೆ. ಹಾಗಾದರೆ ಎರಡು ಪಿಎಸ್ಐ ಏರಿಸಿ. ಒಂದೇ ತೂತಾದರೆ ಅದು ಸಾಮಾನ್ಯವಾಗಿ ಜಾಲಿ ಮುಳ್ಳಿನಂಥದ್ದು ಚುಚ್ಚಿದ್ದು, ಗಾಳಿಯ ತಪ್ಪಲ್ಲ. ಮಳೆಗಾಲದ ಅಂಟು ಮಣ್ಣಿನಲ್ಲಿ ಈ ಉಪಾಯ ನಡೆಯುವುದಿಲ್ಲ, ಕೆಸರು ಮುಂದಿನ ಚಕ್ರ ಹಿಡಿಯುವ ಫೋರ್ಕಿಗೆ ಮೆತ್ತಿ ಚಕ್ರವೇ ನಿಲ್ಲುತ್ತದೆ. ಇಳಿದು ಡಾಂಬರು ರಸ್ತೆಗೆ ಬಂದ ಮೇಲೆ ಮತ್ತೆ 40ಕ್ಕೆ ತುಂಬಿ.